ಡಾಕ್ಟರ ಮೇಲೆ ದೂರಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಮಾಂಬಳ್ಳಿ, ಅಗರ, ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯ ರೋಗಿಗಳು, ಅವರ ಮನೆಯವರು, ಮತ್ತು ಲೈಸೆನ್ಸ್ ಹಿಡಿದು ದುಡಿಯುವ ಡಾಕ್ಟರು, ನರ್ಸು, ಫಾರ್ಮಸಿಸ್ಟರು ಎಲ್ಲರೂ ಓದಬೇಕಾದ ಸೂಚನೆ.

ಚಿಕಿತ್ಸೆಯಲ್ಲಿ ಎಡವಟ್ಟಾಯಿತು ಅಂದರೆ ನಮ್ಮ ಕಡೆ ನಡೆಯುವುದು ಎರಡೇ. ಆಸ್ಪತ್ರೆ ಬಾಗಿಲಲ್ಲಿ ಹೆಣ ಇಟ್ಟುಕೊಂಡು ಧಿಕ್ಕಾರ ಕೂಗುವುದು ಒಂದು. ಕತ್ತಲಾದ ಮೇಲೆ ನಾಲ್ಕು ಜನ ಯಜಮಾನರು ಕೂತು, ‘ಹೋದ ಜೀವ ಬಂದದಾ, ಬುಡಿ’ ಎಂದು ಇಷ್ಟು ಸಾವಿರ ಕೊಡಿಸಿ, ಛಾಪಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ ಮುಗಿಸುವುದು ಇನ್ನೊಂದು. ಎರಡರಿಂದಲೂ ಆ ಡಾಕ್ಟರ ಲೈಸೆನ್ಸಿಗೆ ಒಂದು ಗೀಟೂ ಬೀಳುವುದಿಲ್ಲ. ತಪ್ಪು ನಿಜವಾಗಿ ಆಗಿದ್ದರೆ ಅದೇ ಕುರ್ಚಿಯಲ್ಲಿ ಅದೇ ತಪ್ಪು ನಾಳೆ ಇನ್ನೊಬ್ಬರಿಗೆ ಆಗುತ್ತದೆ. ತಪ್ಪೇ ಆಗಿರದಿದ್ದರೆ ಒಬ್ಬ ಒಳ್ಳೆಯ ಡಾಕ್ಟರ ಹೆಸರು ಸುಮ್ಮನೆ ಮಣ್ಣುಪಾಲು.

ಲೈಸೆನ್ಸ್ ಅಂದರೆ ರಿಜಿಸ್ಟರಿನಲ್ಲಿರುವ ಒಂದು ಹೆಸರು, ಒಂದು ನಂಬರು. ಅಲೋಪತಿ ಡಾಕ್ಟರದ್ದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ (ಇಂಗ್ಲಿಷಿನಲ್ಲಿ ಚಿಕ್ಕದಾಗಿ ಕೆಎಂಸಿ) ಇದೆ. 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯಿಂದ ಬಂದ ಸಂಸ್ಥೆ ಅದು. ಆ ಹೆಸರು ತೆಗೆಯುವುದು ಶಾಸಕರ ಕೈಲಿಲ್ಲ, ಜಿಲ್ಲಾಧಿಕಾರಿ ಕೈಲಿಲ್ಲ, ಠಾಣೆಯ ಸಬ್ ಇನ್‌ಸ್ಪೆಕ್ಟರ್ ಕೈಲಂತೂ ಇಲ್ಲವೇ ಇಲ್ಲ. ಪರಿಷತ್ತು ಎರಡೂ ಕಡೆ ಕೇಳಿ, ಎಚ್ಚರಿಕೆ ಕೊಟ್ಟು ಬಿಡಬಹುದು. ಇಷ್ಟು ಅವಧಿಗೆ ಎಂದು ಹೆಸರು ತೆಗೆದಿಡಬಹುದು. ಕಾಯಂ ಆಗಿ ಹೊಡೆದುಹಾಕಲೂಬಹುದು. ಹೆಸರು ತೆಗೆದದ್ದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಸಾರಬೇಕೆಂದು 2002ರ ವೈದ್ಯರ ನಡತೆ ನಿಯಮಾವಳಿಯೇ ಹೇಳುತ್ತದೆ. 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿ ಹೊರಡಿಸಿ, ಅದೇ ತಿಂಗಳೊಳಗೆ ತಡೆಹಿಡಿದರು. ಹಾಗಾಗಿ ಕೆಳಗೆ ‘ನಿಯಮ’ ಎಂದಲ್ಲೆಲ್ಲ ಈ 2002ರದ್ದೇ.

ದೂರು ಕೊಡುವವರು ಮಾಡಬೇಕಾದ್ದು

ಮೊದಲು ನಂಬರು ಹುಡುಕಿ. ಔಷಧಿ ಚೀಟಿ ತೆಗೆದು ನೋಡಿ. ತಲೆಭಾಗದಲ್ಲಿ ಡಾಕ್ಟರ ಹೆಸರು, ಅದರ ಕೆಳಗೆ ಓದಿದ ಡಿಗ್ರಿ, ಅದರ ಕೆಳಗೋ ಸಹಿಯ ಪಕ್ಕದ ಮೊಹರಿನಲ್ಲೋ ‘ಕೆಎಂಸಿ ನಂಬರ್’ ಎಂದು ಒಂದಿಷ್ಟು ಅಂಕಿ ಇರಬೇಕು. ಚೀಟಿ, ಸರ್ಟಿಫಿಕೇಟು, ದುಡ್ಡು ಕಟ್ಟಿಸಿಕೊಂಡ ರಸೀದಿ, ಕ್ಲಿನಿಕ್ಕಿನ ಗೋಡೆ, ಎಲ್ಲ ಕಡೆಯೂ ಈ ನಂಬರು ಕಾಣಬೇಕೆಂದು ನಿಯಮ. ನಮ್ಮ ಕಡೆ ಎಷ್ಟೋ ಕ್ಲಿನಿಕ್ಕುಗಳಲ್ಲಿ ಕ್ಯಾಲೆಂಡರಿನ ಹಿಂಬದಿ ಹರಿದ ತುಂಡಿನ ಮೇಲೆ ಮೂರು ಮಾತ್ರೆಯ ಹೆಸರು ಗೀಚಿ ‘ಪಕ್ಕದ ಮೆಡಿಕಲ್‌ನಲ್ಲಿ ತಕೊಳ್ಳಿ’ ಅನ್ನುತ್ತಾರೆ. ಅಂಥ ತುಂಡು ಚೀಟಿ ತೆಗೆದುಕೊಳ್ಳಬೇಡಿ. ಹೆಸರು, ನಂಬರು, ತಾರೀಖು, ಸಹಿ ಇರುವ ಚೀಟಿಯನ್ನೇ ಕೇಳಿ. ಕೇಳಿದರೆ ಸಿಟ್ಟಾಗುತ್ತಾರೆ ಎಂಬ ಅಂಜಿಕೆ ಬೇಡ. ನಂಬರಿರುವ ಡಾಕ್ಟರಿಗೆ ಸಿಟ್ಟಾಗಲು ಕಾರಣವಿಲ್ಲ.

ಎರಡನೆಯದು, ದಾಖಲೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಏಕೆಂದರೆ ಅರ್ಧ ದೂರುಗಳು ಸೋಲುವುದು ಇಲ್ಲೇ. ಅಡ್ಮಿಟ್ ಆದ ರೋಗಿಯ ಕೇಸ್ ಶೀಟನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಕಾಪಾಡಿಡಬೇಕು. ರೋಗಿಯಾಗಲಿ, ರೋಗಿ ಒಪ್ಪಿದವರಾಗಲಿ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು. ಕೊಡದಿರುವುದೇ ಒಂದು ದುರ್ನಡತೆ, ಅದರ ಮೇಲೆ ಬೇರೆ ದೂರು ಕೊಡಬಹುದು. ಬಾಯಲ್ಲಿ ಕೇಳಿದರೆ ‘ಮೇಡಂ ಬರಲಿ’, ‘ಕಂಪ್ಯೂಟರ್ ಕೆಟ್ಟಿದೆ’ ಎಂಬ ಉತ್ತರ ಬರುತ್ತದೆ. ಬರೆದು ಕೊಡಿ. ಹೆಚ್ಚು ಬೇಡ, ಇಷ್ಟು ಸಾಕು:

‘ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ತಮ್ಮ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದ ಇಂಥವರ ಕೇಸ್ ಶೀಟ್, ನರ್ಸ್ ಬರೆದ ಚಾರ್ಟ್, ಲ್ಯಾಬ್ ಮತ್ತು ಸ್ಕ್ಯಾನಿಂಗ್ ವರದಿ, ಒಪ್ಪಿಗೆ ಪತ್ರ, ಬಿಡುಗಡೆ ಚೀಟಿ, ಇವುಗಳ ಪ್ರತಿಯನ್ನು 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕಾಗಿ ಕೋರುತ್ತೇನೆ. ಜೆರಾಕ್ಸ್ ಖರ್ಚು ಕೊಡಲು ಸಿದ್ಧನಿದ್ದೇನೆ.’

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಖು, ಗಂಟೆ ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಅವತ್ತೇ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಜೋಪಾನವಾಗಿಡಿ. ಸರ್ಕಾರಿ ಆಸ್ಪತ್ರೆಯಾದರೆ ಇದರ ಜೊತೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಿ.

ಹಾಕಿದ ಇಂಜೆಕ್ಷನ್ನಿನ ಬಾಟಲಿ, ಡ್ರಿಪ್ ಚೀಲ, ಮಾತ್ರೆ ಹಾಳೆ ಕೈಲಿದ್ದರೆ ಎಸೆಯಬೇಡಿ. ಬ್ಯಾಚ್ ನಂಬರು ಕಾಣುವ ಹಾಗೆ ಫೋಟೊ ತೆಗೆದಿಡಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಜನ ಮೊದಲು ಬೆರಳು ತೋರಿಸಿದ್ದು ಹೆರಿಗೆ ಮಾಡಿಸಿದವರ ಕಡೆ. ಅನುಮಾನ ಆಮೇಲೆ ಹೋಗಿ ನಿಂತದ್ದು ಸರಬರಾಜಾದ ಡ್ರಿಪ್ ದ್ರಾವಣದ ಮೇಲೆ.

ಸಾವಾಗಿದ್ದು, ಚಿಕಿತ್ಸೆಯಲ್ಲೇ ತಪ್ಪಿದೆ ಎಂದು ನಿಮಗೆ ನಿಜವಾಗಿ ಅನ್ನಿಸಿದ್ದರೆ, ಪೋಸ್ಟ್‌ಮಾರ್ಟಂ ಮಾಡಿಸಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಮೈ ಕೊಯ್ಯಿಸಬಾರದು, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು ಎಂದು ಹಿರಿಯರು ಪಟ್ಟು ಹಿಡಿಯುತ್ತಾರೆ. ಅವರ ನೋವು ಅರ್ಥವಾಗುವಂಥದ್ದೇ. ಆದರೆ ಮಣ್ಣು ಮಾಡಿದ ಮೇಲೆ ಹದಿನೈದು ದಿನ ಬಿಟ್ಟು ದೂರು ಕೊಟ್ಟರೆ, ಸಾವಿಗೆ ಕಾರಣ ಇದೇ ಎಂದು ಹೇಳುವ ಒಂದು ಕಾಗದವೂ ಕಡತದಲ್ಲಿರುವುದಿಲ್ಲ. ಪರಿಷತ್ತು ಓದುವುದು ಕಡತವನ್ನು, ನಿಮ್ಮ ಕಣ್ಣೀರನ್ನಲ್ಲ.

ಯಾರ ಮೇಲಿನ ದೂರು, ಯಾವ ಬಾಗಿಲು

ನಮ್ಮೂರ ಬೋರ್ಡುಗಳಲ್ಲಿ ಎಲ್ಲರ ಹೆಸರಿನ ಮುಂದೂ ‘ಡಾ.’ ಇದೆ. ಹೆಸರಿನ ಹಿಂದೆ ಏನಿದೆ ಎಂದು ಓದಿ. ಎಂಬಿಬಿಎಸ್, ಎಂಡಿ ಆದರೆ ವೈದ್ಯಕೀಯ ಪರಿಷತ್ತು. ಬಿಎಎಂಎಸ್ ಆದರೆ ಆಯುರ್ವೇದ, ಯುನಾನಿ ವೈದ್ಯರ ಮಂಡಳಿ. ಬಿಎಚ್‌ಎಂಎಸ್ ಆದರೆ ಹೋಮಿಯೋಪತಿ ಮಂಡಳಿ. ಹಲ್ಲಿನ ಡಾಕ್ಟರಿಗೆ ದಂತ ಪರಿಷತ್ತು, ನರ್ಸಿಗೆ ಶುಶ್ರೂಷಾ ಪರಿಷತ್ತು, ಫಾರ್ಮಸಿಸ್ಟಿಗೆ ಫಾರ್ಮಸಿ ಪರಿಷತ್ತು. ಆಶಾ ಕಾರ್ಯಕರ್ತೆಗೆ ಯಾವ ಪರಿಷತ್ತೂ ಇಲ್ಲ, ಅವರದು ಲೈಸೆನ್ಸಿನ ಕೆಲಸವಲ್ಲ. ಅವರ ಮೇಲೆ ಮಾತಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಹೇಳಿ, ಅಷ್ಟಕ್ಕೇ ನಿಲ್ಲಿಸಿ. ಸಿಗುವ ಸಂಬಳಕ್ಕೆ ಅವರು ಮಾಡುವ ಕೆಲಸವೇ ಹೆಚ್ಚು.

ನಕಲಿ ಡಾಕ್ಟರ ಮೇಲೆ ಪರಿಷತ್ತಿಗೆ ಬರೆದರೆ ಏನೂ ಆಗುವುದಿಲ್ಲ. ರಿಜಿಸ್ಟರಿನಲ್ಲಿ ಹೆಸರೇ ಇಲ್ಲದವನನ್ನು ರಿಜಿಸ್ಟರಿನಿಂದ ತೆಗೆಯುವುದು ಹೇಗೆ? ಹತ್ತನೇ ಕ್ಲಾಸು ಓದಿ, ಒಂದೆರಡು ವರ್ಷ ಕಾಂಪೌಂಡರ್ ಆಗಿದ್ದು, ಆಮೇಲೆ ತಾನೇ ಗ್ಲೂಕೋಸ್ ಏರಿಸಲು ಕೂತವನ ಮೇಲಿನ ದೂರು ತಾಲ್ಲೂಕು ಆರೋಗ್ಯಾಧಿಕಾರಿಗೂ ಪೊಲೀಸ್ ಠಾಣೆಗೂ ಹೋಗಬೇಕು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಇದಕ್ಕೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಕ್ಲಿನಿಕ್ಕಿಗೆ ನೋಂದಣಿ ಇಲ್ಲದಿದ್ದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನರ ಬಾಯಲ್ಲಿ ಕೆಪಿಎಂಇ, ಬೇರೆ ಹಿಡಿಯುತ್ತದೆ. ನೋಂದಣಿ ನಂಬರನ್ನು ಮುಂಭಾಗದಲ್ಲೇ ಹಾಕಬೇಕು, ಅಲೋಪತಿಗೆ ಆಕಾಶನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಎಂದು 2024ರಲ್ಲಿ ಆರೋಗ್ಯ ಇಲಾಖೆ ಹೇಳಿದೆ. ನೀಲಿಯೂ ಅಲ್ಲದ, ಹಸಿರೂ ಅಲ್ಲದ, ನಂಬರೂ ಇಲ್ಲದ ಬಾಗಿಲಿಗೆ ಕೂಸುಗಳನ್ನು ಎತ್ತಿಕೊಂಡು ಹೋಗಬೇಡಿ.

ಆಸ್ಪತ್ರೆಯ ಲೈಸೆನ್ಸ್ ಬೇರೆ, ಡಾಕ್ಟರ ಲೈಸೆನ್ಸ್ ಬೇರೆ. ದರಪಟ್ಟಿ ಹಾಕದಿರುವುದು, ಬಿಲ್ಲು ಬಾಕಿ ಎಂದು ಹೆಣ ಬಿಡದಿರುವುದು, ತುರ್ತು ಕೇಸಿನಲ್ಲಿ ಮುಂಗಡ ಕೇಳುವುದು, ಇವೆಲ್ಲ ಆಸ್ಪತ್ರೆಯ ತಪ್ಪು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ಬರೆಯಿರಿ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಬೇಡದಿದ್ದರೂ ಗರ್ಭಕೋಶ ತೆಗೆದ ಸಂಗತಿ 2015ರಲ್ಲಿ ಹೊರಬಿದ್ದಾಗ ತನಿಖೆ ನಡೆದು ಕೆಲವು ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ಹಾಗೆ ಬಾಗಿಲು ಹಾಕಿಸಿದ ಮಾತ್ರಕ್ಕೆ ಒಳಗೆ ಕತ್ತರಿ ಹಿಡಿದಿದ್ದವರ ನೋಂದಣಿ ತಾನಾಗಿ ಹೋಗುವುದಿಲ್ಲ. ಅದಕ್ಕೆ ಬೇರೆ ದೂರು, ಬೇರೆ ವಿಚಾರಣೆ.

ಸರ್ಕಾರಿ ಡಾಕ್ಟರ ವಿಷಯದಲ್ಲಿ ಜನ ಮೋಸಹೋಗುವುದು ‘ಸಸ್ಪೆಂಡ್’ ಎಂಬ ಸುದ್ದಿಯಿಂದ. ಪೇಪರಿನಲ್ಲಿ ‘ವೈದ್ಯಾಧಿಕಾರಿ ಅಮಾನತು’ ಎಂದು ಬಂದರೆ ಅದು ನೌಕರಿಯ ಅಮಾನತು, ಇಲಾಖೆಯ ಶಿಸ್ತುಕ್ರಮ. ಸ್ವಲ್ಪ ದಿನಕ್ಕೆ ಇನ್ನೊಂದು ತಾಲ್ಲೂಕಿನಲ್ಲಿ ಕುರ್ಚಿ ಸಿಗಬಹುದು. ನೋಂದಣಿ ಮುಟ್ಟಲು ಪರಿಷತ್ತಿಗೇ ಹೋಗಬೇಕು. ಹೆರಿಗೆ ವಾರ್ಡಿನಲ್ಲಿ ಗಂಡು ಮಗುವಿಗೆ ಇಷ್ಟು, ಹೆಣ್ಣಿಗೆ ಇಷ್ಟು ಎಂದು ಕೈ ಚಾಚಿದರೆ ಅದು ಲಂಚ, ಲೋಕಾಯುಕ್ತಕ್ಕೆ ತಿಳಿಸಿ. ಇನ್ನು 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತರಲ್ಲ, ಅಂಥದ್ದನ್ನು ಡ್ಯೂಟಿಯಲ್ಲಿದ್ದ ಒಬ್ಬ ಡಾಕ್ಟರ ಕೊರಳಿಗೆ ಕಟ್ಟಬೇಡಿ. ಅದು ಆಡಳಿತದ ಪಾಪ, ಪರಿಷತ್ತಿನ ಬಾಗಿಲಿನದಲ್ಲ.

ದುಡ್ಡಿನ ಪರಿಹಾರವನ್ನು ಪರಿಷತ್ತು ಕೊಡಿಸುವುದಿಲ್ಲ. ಅದು ಬೇಕಿದ್ದರೆ ಚಾಮರಾಜನಗರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಎಲ್ಲರಿಗೂ ಪುಕ್ಕಟೆ ನೋಡುವ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಪೊಲೀಸ್ ಕೇಸು ಇನ್ನೂ ಬಿಗಿ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ, ಕ್ರಿಮಿನಲ್ ಕೇಸಿಗೆ ಕಣ್ಣಿಗೆ ರಾಚುವಂಥ ಘೋರ ನಿರ್ಲಕ್ಷ್ಯವೇ ಇರಬೇಕು, ಬೇರೆ ಡಾಕ್ಟರ ಅಭಿಪ್ರಾಯವನ್ನೂ ಪಡೆಯಬೇಕು. ಠಾಣೆಯವರು ಕೂಡಲೇ ಎಫ್‌ಐಆರ್ ಮಾಡಲಿಲ್ಲ ಎಂದು ಅವರ ಮೇಲೆ ಹರಿಹಾಯಬೇಡಿ.

ಮಾಡಬಾರದ್ದು

ಗಾಜು ಒಡೆಯಬಾರದು, ಸಿಸ್ಟರ್ ಮೇಲೆ ಕೈ ಎತ್ತಬಾರದು. 2009ರಿಂದ ಇದಕ್ಕೇ ಬೇರೆ ಕಾಯ್ದೆ ಇದೆ. ಜೈಲು, ದಂಡದ ಜೊತೆ ಹಾಳಾದ ಸಾಮಾನಿನ ಬೆಲೆಯ ಎರಡರಷ್ಟು ಕಟ್ಟಬೇಕು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಗಲಾಟೆ ಆದ ದಿನದಿಂದ ನೀವು ದೂರುದಾರರಲ್ಲ, ಆರೋಪಿ.

ರಾಜಿ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಬಾರದು. ಹೆಣ ಮನೆಗೆ ಬರುವ ಮೊದಲು ಯಾವ ಕಾಗದವೂ ಬೇಡ. ‘ಮುಂದೆ ಯಾವ ಕಚೇರಿಗೂ ದೂರು ಕೊಡುವುದಿಲ್ಲ’ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಓದಲು ಬಾರದವರಿಗೆ ಯಾರೂ ಆ ಸಾಲನ್ನು ಓದಿ ಹೇಳುವುದಿಲ್ಲ.

ವಿಡಿಯೊ ಮಾಡಿ ‘ಕೊಲೆಗಡುಕ ಡಾಕ್ಟರ್’ ಎಂದು ಹರಿಬಿಡಬಾರದು. ಜಾತಿ, ಧರ್ಮ ಎಳೆದು ತರಲೇಬಾರದು. ಕೆಟ್ಟ ಫಲಿತಾಂಶವೆಲ್ಲ ತಪ್ಪಲ್ಲ. ಹಾವು ಕಚ್ಚಿದ ಮೇಲೆ ಮಂತ್ರ ಹಾಕಿಸಿ, ನಾಲ್ಕು ಗಂಟೆ ಬಿಟ್ಟು ಕರೆತಂದವರನ್ನು ಉಳಿಸಲಾಗದ ಡಾಕ್ಟರ ಮೇಲೆ ಏನು ದೂರು ಕೊಡುತ್ತೀರಿ?

ಲಿಂಗ ಪತ್ತೆಗೆ ಕೇಳಲೇಬಾರದು. 2023ರ ನವೆಂಬರಿನಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡಿದ್ದ ಜಾಲ ಸಿಕ್ಕಿಬಿತ್ತು. ಕೇಳಿದ ಗಂಡ, ಅತ್ತೆ, ಮಾವನಿಗೂ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಬಸುರಿಯನ್ನು ಮನೆಯವರೇ ಬಲವಂತ ಮಾಡಿದರೆಂದೇ ಲಿಂಗ ಪತ್ತೆ ತಡೆ ಕಾಯ್ದೆ ಊಹಿಸುತ್ತದೆ. ಮಾಡಿದ ಡಾಕ್ಟರ ಹೆಸರು, ಕೋರ್ಟು ಆರೋಪ ಹೊರಿಸಿದರೆ ನೋಂದಣಿ ಅಮಾನತಿಗಾಗಿ ಪರಿಷತ್ತಿಗೆ ಹೋಗುತ್ತದೆ; ಶಿಕ್ಷೆಯಾದರೆ ಮೊದಲ ಸಲ 5 ವರ್ಷ, ಮತ್ತೆ ಸಿಕ್ಕಿಬಿದ್ದರೆ ಕಾಯಂ ಆಗಿ ಹೋಗುತ್ತದೆ. ಲೈಸೆನ್ಸ್ ಶಿಕ್ಷೆಗಳಲ್ಲಿ ವರ್ಷವನ್ನು ಇಷ್ಟು ನೇರವಾಗಿ ಬರೆದಿಟ್ಟಿರುವುದು ಕಡಿಮೆ.

ಲೈಸೆನ್ಸ್ ಉಳ್ಳವರಿಗೆ

ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡಬೇಡಿ. ಮೆಡಿಕಲ್ ಸ್ಟೋರಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ನೋಂದಣಿ ಪತ್ರ, ಅದರಲ್ಲಿ ಬಿಸಿಲಿಗೆ ಹಳದಿಯಾದ ಫೋಟೊ. ಕೌಂಟರಿನಲ್ಲಿ ನಿಂತು ಮಾತ್ರೆ ಕತ್ತರಿಸುತ್ತಿರುವವನ ಮುಖ ಬೇರೆ. ಫೋಟೊದವರು ಮೈಸೂರಿನಲ್ಲಿ ಇನ್ನೇನೋ ಕೆಲಸದಲ್ಲಿರುತ್ತಾರೆ, ತಿಂಗಳಿಗಿಷ್ಟು ದುಡ್ಡು ಬರುತ್ತದೆ. ಡಾಕ್ಟರುಗಳಲ್ಲೂ ಈ ವ್ಯವಹಾರ ಇದೆ: ಬೋರ್ಡು ಅವರದು, ಸೂಜಿ ಕಾಂಪೌಂಡರದ್ದು. ಅನಾಹುತವಾದ ದಿನ ಕಾಂಪೌಂಡರ್ ಊರು ಬಿಡುತ್ತಾನೆ, ಬೋರ್ಡಿನಲ್ಲಿರುವ ನಂಬರು ಉಳಿಯುತ್ತದೆ. ಅದು ನಿಮ್ಮದು. ಇದನ್ನು ಬಡಪಾಯಿಯ ಹೊಟ್ಟೆಪಾಡು ಎಂದು ಸಮರ್ಥಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಸುಳ್ಳು ಸರ್ಟಿಫಿಕೇಟು ಬರೆಯಬೇಡಿ. ರಜೆಗೆ ಜ್ವರ ಎಂದು ಬರೆದುಕೊಡುವುದು ಎಲ್ಲರಿಗೂ ಸಣ್ಣದಾಗಿ ಕಾಣುತ್ತದೆ; ಊರ ಜಗಳದಲ್ಲಿ ತರಚು ಗಾಯವನ್ನು ‘ತೀವ್ರ ಗಾಯ’ ಮಾಡಿದರೆ ಒಬ್ಬನ ಜಾಮೀನೇ ಹೋಗುತ್ತದೆ. ಎರಡೂ ದುರ್ನಡತೆಯೇ.

ಕೇಸ್ ಶೀಟು ತಿದ್ದಬೇಡಿ. ದೂರು ಬಂದ ಮೇಲೆ ಬೇರೆ ಪೆನ್ನಿನಲ್ಲಿ ತುರುಕಿದ ಬಿಪಿ, ನಾಡಿ, ‘ಸಂಬಂಧಿಕರಿಗೆ ಅಪಾಯ ತಿಳಿಸಲಾಗಿದೆ’ ಎಂಬ ಇರುಕಿನ ಸಾಲು ಮೊದಲ ನೋಟಕ್ಕೇ ಕಾಣುತ್ತದೆ. ಬಿಟ್ಟುಹೋದದ್ದಿದ್ದರೆ ಇವತ್ತಿನ ತಾರೀಖು ಹಾಕಿ ಕೆಳಗೆ ಬರೆಯಿರಿ.

ಒಪ್ಪಿಗೆ ಪತ್ರಕ್ಕೆ ಖಾಲಿ ಸಹಿ ಪಡೆಯಬೇಡಿ. ಪರೀಕ್ಷೆಗೆ ಕೊಟ್ಟ ಒಪ್ಪಿಗೆಯಲ್ಲಿ ಅಂಗ ತೆಗೆಯುವಂತಿಲ್ಲ ಎಂದು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೋಲಿಗರ ಪೋಡಿನಿಂದ ಬಂದ ಹೆಣ್ಣುಮಗಳಿಗೆ ಇಂಗ್ಲಿಷ್ ಫಾರಂ ಮುಂದೆ ಹಿಡಿದು ‘ಇಲ್ಲೊತ್ತು’ ಎಂದರೆ ಅದು ಒಪ್ಪಿಗೆಯಲ್ಲ. ರೋಗಿಯ ಫೋಟೊವನ್ನು ವಾಟ್ಸಾಪಿನಲ್ಲಿ ಹಂಚಬೇಡಿ; ಯಾರಿಗೆ ಯಾವ ಕಾಯಿಲೆ ಎಂಬುದು ಟೀ ಅಂಗಡಿಗೆ ತಲುಪಬಾರದು. ಲ್ಯಾಬು, ಸ್ಕ್ಯಾನಿಂಗ್, ಮೈಸೂರಿನ ಆಸ್ಪತ್ರೆ, ಯಾರಿಂದಲೂ ಕಮಿಷನ್ ಕೂಡದು.

ತುರ್ತು ರೋಗಿಯನ್ನು ಬಾಗಿಲಲ್ಲೇ ಹಿಂದೆ ಕಳಿಸಬೇಡಿ. 1989ರ ಪರಮಾನಂದ ಕಟಾರಾ ತೀರ್ಪು ಸರ್ಕಾರಿ, ಖಾಸಗಿ ಎಂದು ಭೇದ ಮಾಡಿಲ್ಲ: ಮೊದಲು ಜೀವ, ಪೊಲೀಸ್ ಕಾಗದ ಆಮೇಲೆ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳವಾಡಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದವರನ್ನು ಸಿಕ್ಕ ವಾಹನಗಳಲ್ಲಿ ತುಂಬಿಕೊಂಡು ಕಾಮಗೆರೆ, ಕೊಳ್ಳೇಗಾಲದ ಆಸ್ಪತ್ರೆಗಳಿಗೆ ತಂದರು. ಅಲ್ಲಿಂದ ಮೈಸೂರಿಗೆ ಸಾಗಿಸಿದರು. 17 ಜನ ಉಳಿಯಲಿಲ್ಲ, ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿದ್ದರು. ಅಂಥ ಹೊತ್ತಿನಲ್ಲಿ ಮೊದಲ ಆಸ್ಪತ್ರೆ ‘ನಮ್ಮಲ್ಲಾಗದು’ ಎಂದು ಗೇಟು ಹಾಕಿದರೆ ಏನಾಗುತ್ತದೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂದೆ ಕಳಿಸಬೇಕಾದರೆ ಮಾಡಿದ್ದನ್ನು ಚೀಟಿಯಲ್ಲಿ ಬರೆದು ಕಳಿಸಿ.

ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಿ. ನೋಟಿಸು ಬಂದರೆ ಕಸಕ್ಕೆ ಹಾಕಬೇಡಿ. ವಕೀಲರ ಮೂಲಕವೋ ಖುದ್ದಾಗಿಯೋ ಹೇಳಿಕೊಳ್ಳುವ ಹಕ್ಕು ನಿಮಗಿದೆ.

ದೂರು ಬರೆಯುವಾಗ, ಕೊಟ್ಟ ಮೇಲೆ

ದೂರಿನಲ್ಲಿ ಬೈಗುಳ ಬೇಡ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನು ಮಾಡಿದರು, ಏನು ಮಾಡಲಿಲ್ಲ, ಇಷ್ಟನ್ನೇ ಸಾಲಾಗಿ ಬರೆಯಿರಿ. ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಲಗತ್ತಿಸಿ. ಮೂಲ ದಾಖಲೆ ಕಳಿಸದೆ ಜೆರಾಕ್ಸ್ ಕಳಿಸಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಪುಕ್ಕಟೆ. ತೀರ್ಮಾನಕ್ಕೆ ನಿಯಮ ಕೊಟ್ಟಿರುವ ಗಡುವು 6 ತಿಂಗಳು. ಆ ಗಡುವು ಮೀರುವುದೇ ಹೆಚ್ಚು, ಆದ್ದರಿಂದ ಆಗಾಗ ನೆನಪೋಲೆ ಹಾಕುತ್ತಿರಿ. ವಿಚಾರಣೆ ನಡೆಯುವಾಗಲೇ, ದೂರಿಗೆ ಕಾರಣವಾದ ಚಿಕಿತ್ಸೆಯನ್ನು ಆ ಡಾಕ್ಟರು ಮಾಡದಂತೆ ತಡೆಯುವ ಅಧಿಕಾರ ಪರಿಷತ್ತಿಗಿದೆ; ಬೇಕಿದ್ದರೆ ಅದನ್ನೂ ಕೋರಿ. ವಿಚಾರಣೆಗೆ ಕರೆದ ದಿನ ಗೈರಾಗಬೇಡಿ. ಬೆಂಗಳೂರು ದೂರ, ಒಂದು ದಿನದ ಕೂಲಿ ಹೋಗುತ್ತದೆ ನಿಜ. ಕೊಳ್ಳೇಗಾಲದಿಂದ ಕನಕಪುರದ ಮೇಲೆ ಹೋಗುವ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಾದರೂ ಉಳಿಯುತ್ತದೆ. ಆಧಾರ್ ಮರೆಯಬೇಡಿ.

ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಮೇಲ್ಮನವಿ. ಇಲ್ಲೊಂದು ತೊಡಕಿದೆ. 2002ರ ನಿಯಮ ‘ನೊಂದ ಯಾರೇ ಆಗಲಿ’ ಮೇಲ್ಮನವಿ ಹಾಕಬಹುದು ಎನ್ನುತ್ತದೆ. ಆಯೋಗದ 2019ರ ಕಾಯ್ದೆಯ 30ನೇ ಕಲಂ ಹೆಸರಿಸುವುದು ಡಾಕ್ಟರನ್ನು ಮಾತ್ರ. ಇದೇ ನೆಪದಲ್ಲಿ ರೋಗಿಗಳ ಮೇಲ್ಮನವಿಗಳನ್ನು ದೆಹಲಿಯಿಂದ ವಾಪಸು ಕಳಿಸಿದ್ದುಂಟು. ಇದು ಅನ್ಯಾಯವೇ. ಆದರೂ ನಿಯಮವನ್ನು ಉಲ್ಲೇಖಿಸಿ ಗಡುವಿನೊಳಗೆ ಹಾಕಿ, ವಾಪಸು ಬಂದರೆ ಆ ಪತ್ರವನ್ನೇ ಹಿಡಿದು ಹೈಕೋರ್ಟಿಗೆ ಹೋಗಬಹುದು.

ಹೆಸರು ತೆಗೆದ ಅವಧಿಯಲ್ಲಿ ಆ ಡಾಕ್ಟರು ಬೋರ್ಡು ಇಳಿಸಬೇಕು, ಒಂದು ಚೀಟಿಯನ್ನೂ ಬರೆಯಬಾರದು. ಹಿಂದಿನ ಬಾಗಿಲಲ್ಲಿ ರೋಗಿಗಳನ್ನು ನೋಡುತ್ತಿದ್ದರೆ ಅವತ್ತಿನ ತಾರೀಖಿನ ಚೀಟಿಯ ಪ್ರತಿಯೊಂದಿಗೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಿ, ಇನ್ನೊಂದು ಪ್ರತಿಯನ್ನು ಪರಿಷತ್ತಿಗೆ ಕಳಿಸಿ, ಮೂರನೆಯದರ ಮೇಲೆ ಸೀಲು ಹಾಕಿಸಿ ಮನೆಯಲ್ಲಿಟ್ಟುಕೊಳ್ಳಿ.